ಒಣದ್ರಾಕ್ಷಿಯಲ್ಲಿ ಮಗುವಿನ ಭವಿಷ್ಯವೆ?

ಮೊನ್ನೆ ಟಿಕೋಟಾದಿಂದ ನನ್ನ ತಂಗಿ ವಿಜಯಪುರದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಪೇಪರಿನ ತುಣುಕು, ಮುಖ ಸಪ್ಪಗೆ.

“ಅಕ್ಕಾ, ನಾಕು ಒಣದ್ರಾಕ್ಷಿ ಇಟ್ಟು, ನಾ ಬರೂತನಕ ತಡದ್ರ ಎಂಟು ಕೊಡ್ತೀನಿ ಅಂದೆ. ಬಾಗಲಾ ದಾಟೂದರೊಳಗ ತಿಂದಬಿಟ್ಟ! ಇಂಥಾ ಹುಡುಗರಿಗೆ ವಿದ್ಯಾ ಹತ್ತೂದಿಲ್ಲಂತ ಪೇಪರಿನ್ಯಾಗ ಬಂದದ.” ಪಾಪ, ಐದು ವರ್ಷದ ಕೂಸಿಗೆ ಎರಡು ಏಟೂ ಬಿದ್ದಿದ್ದವು.

ಇದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಪರೀಕ್ಷೆ. ಮಿಠಾಯಿ ಮುಂದಿದ್ದರೂ ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಹೆಚ್ಚು ಅಂಕ ಪಡೆದರೆಂದು 1990ರಲ್ಲಿ ವರದಿಯಾಯಿತು. ಆದರೆ ಅವರೆಲ್ಲ ವಿಶ್ವವಿದ್ಯಾಲಯದ ಶಿಶುವಿಹಾರದ ಮಕ್ಕಳು. 653 ಮಕ್ಕಳಲ್ಲಿ ಅಂಕ ತಿಳಿದದ್ದು 94 ಮಂದಿಯದು ಮಾತ್ರ! 2018ರಲ್ಲಿ ಬೇರೆಯವರು 900ಕ್ಕೂ ಹೆಚ್ಚು ಮಕ್ಕಳ ವಿವರ ನೋಡಿದರು. ಮನೆಯ ಆದಾಯ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ ಆ ಸಂಬಂಧ ಬಹಳ ಸಣ್ಣದಾಯಿತು.

ಬಬಲೇಶ್ವರದ ಕಡೆಯ ಜೋಳ ಕೊಳ್ಳುವಾಗ ಚೀಲದ ಮೇಲಿನ ಹಿಡಿ ನೋಡಿ ದುಡ್ಡು ಕೊಡುತ್ತೇವೆಯೆ? ಒಳಗಿನದನ್ನೂ ತೆಗೆಸಿ ನೋಡುತ್ತೇವಲ್ಲ! ಇಂಥ ಸುದ್ದಿಗೂ ಹಾಗೆಯೇ ಮೂರು ಪ್ರಶ್ನೆ ಹಾಕಿರಿ: ಎಷ್ಟು ಮಕ್ಕಳನ್ನು ನೋಡಿದರು? ಎಂಥ ಮನೆಯ ಮಕ್ಕಳು? ಮತ್ತೊಬ್ಬರು ಪರೀಕ್ಷಿಸಿದಾಗಲೂ ಅದೇ ಉತ್ತರ ಬಂತೆ?

ಇನ್ನೊಂದು ಮಾತು. ನೂರಾರು ಮಕ್ಕಳ ಸರಾಸರಿ ನಿಮ್ಮ ಕೂಸಿನ ಜಾತಕವಲ್ಲ. ತಂಗಿಯ ಮಗ ಶಾಲೆಯಿಂದ ಹಸಿದು ಬಂದಿದ್ದ, ತಿಂದ. ಅಷ್ಟೇ. ಅವನಿಗೆ ಬೇಕಾದದ್ದು ಪರೀಕ್ಷೆಯಲ್ಲ, ಬಿಸಿ ರೊಟ್ಟಿ.