ಗಾಳದ ಕೋಲಿನ ಬಣ್ಣ ಮತ್ತು ಪಾರದರ್ಶಕ ಲೇಪನ

ಗಾಳದ ಕೋಲಿನ ಬಣ್ಣ ಮತ್ತು ಪಾರದರ್ಶಕ ಲೇಪನ ಎಂಬುದು ಮೀನು ಹಿಡಿಯುವ ಕೋಲನ್ನು ಮನೆಯಲ್ಲಿ ತಯಾರಿಸುವವರು ಕೊನೆಯ ಹಂತದಲ್ಲಿ ಕೈಗೊಳ್ಳುವ ಕೆಲಸ. ಕೋಲಿಗೆ ಬಣ್ಣ ಬಳಿದು, ಅದರ ಮೇಲೆ ವಾರ್ನಿಷ್ ಅಥವಾ ಎಪಾಕ್ಸಿಯ ತೆಳುವಾದ ಪದರವನ್ನು ಹಚ್ಚುವುದು ಇದರ ಕ್ರಮ. ಇದು ಕೇವಲ ಅಲಂಕಾರವಲ್ಲ. ನೀರು, ಬಿಸಿಲು ಮತ್ತು ತಿಕ್ಕಾಟದಿಂದ ಕೋಲನ್ನು ಕಾಪಾಡುವುದು ಲೇಪನದ ಮುಖ್ಯ ಉದ್ದೇಶ. ಆದರೆ ಲೇಪನ ದಪ್ಪವಾದಷ್ಟೂ ಕೋಲಿನ ತೂಕ ಹೆಚ್ಚುತ್ತದೆ, ತುದಿಯ ಚುರುಕು ಕುಗ್ಗುತ್ತದೆ. ಆದ್ದರಿಂದ ರಕ್ಷಣೆಗೆ ಸಾಕಾಗುವಷ್ಟು, ಬಾಗುವಿಕೆಗೆ ಅಡ್ಡಿಯಾಗದಷ್ಟು ಲೇಪಿಸುವುದೇ ಈ ಕೆಲಸದ ಮರ್ಮ.

ಹಿನ್ನೆಲೆ

ಇಡೀ ಬಿದಿರನ್ನು ಗಾಳದ ಕೋಲಾಗಿ ಬಳಸುವ ರೂಢಿ ಏಷ್ಯಾದಲ್ಲಿ ಬಹಳ ಹಳೆಯದು. ಜಪಾನಿನ ಸಾಂಪ್ರದಾಯಿಕ ಬಿದಿರಿನ ಕೋಲುಗಳಿಗೆ ಉರುಶಿ ಎಂಬ ಮರದ ಸೊನೆಯನ್ನು ಪದರಪದರವಾಗಿ ಹಚ್ಚಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಪಟ್ಟಣದ ಸ್ಯಾಮ್ಯುಯೆಲ್ ಫಿಲಿಪ್ ಅವರು ಬಿದಿರನ್ನು ಸೀಳಿ, ಆ ಪಟ್ಟಿಗಳನ್ನು ಅಂಟಿಸಿ ಕೋಲುಗಳನ್ನು ತಯಾರಿಸಿದರು. ಅವರು ಬಂದೂಕು ಮತ್ತು ಪಿಟೀಲುಗಳನ್ನೂ ತಯಾರಿಸುತ್ತಿದ್ದ ಕುಶಲಕರ್ಮಿ. 1870ರ ದಶಕದಲ್ಲಿ ಹೈರಮ್ ಲಿಯೊನಾರ್ಡ್ ಅವರು ಆರು ಪಟ್ಟಿಗಳ ಕೋಲನ್ನು ಪ್ರಚಾರಕ್ಕೆ ತಂದರು. ಇಂಥ ಕೋಲುಗಳಿಗೆ ದಕ್ಷಿಣ ಚೀನಾದ ಟಾಂಕಿನ್ ಬಿದಿರು ಹೆಸರುವಾಸಿಯಾಯಿತು. ಎರಡನೆಯ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲುಗಳೂ, 1970ರ ದಶಕದಲ್ಲಿ ಇಂಗಾಲದ ನಾರಿನ (ಕಾರ್ಬನ್ ಫೈಬರ್) ಕೋಲುಗಳೂ ಬಂದವು. ಹವ್ಯಾಸಿಗಳು ಇಂದು ಈ ಮೂರೂ ಬಗೆಯ ಕೋಲುಗಳಿಗೆ ಮನೆಯಲ್ಲಿಯೇ ಲೇಪನ ಮಾಡುತ್ತಾರೆ.

ಮೇಲ್ಮೈಯ ಸಿದ್ಧತೆ

ಬಿದಿರಿನ ಬಲವೆಲ್ಲ ಅದರ ಹೊರಮೈಗೆ ಅಂಟಿಕೊಂಡಂತಿರುವ ದಟ್ಟವಾದ ನಾರುಗಳಲ್ಲಿದೆ. ಆದಕಾರಣ ಮೇಣದಂತಹ ಹೊರಪೊರೆಯನ್ನು ಮಾತ್ರ ತೆಗೆದು, ಗಿಣ್ಣುಗಳನ್ನು ನಯಗೊಳಿಸಿ, ಉಜ್ಜುವುದನ್ನು ನಿಲ್ಲಿಸಬೇಕು. ಅತಿಯಾಗಿ ಉಜ್ಜಿದ ಕೋಲು ಭಾರ ಬಿದ್ದಾಗ ಅಲ್ಲಿಯೇ ಮುರಿಯುತ್ತದೆ. ಬಿದಿರು ಚೆನ್ನಾಗಿ ಒಣಗಿರುವುದೂ ಅಗತ್ಯ. ಒಳಗೆ ತೇವ ಉಳಿದರೆ ಲೇಪನವು ಅದನ್ನು ಒಳಗೇ ಹಿಡಿದಿಡುತ್ತದೆ; ಕೋಲು ಮೆತ್ತಗಾಗಿ, ಒಮ್ಮೆ ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ.

ಗಾಜಿನ ಮತ್ತು ಇಂಗಾಲದ ನಾರಿನ ಕೋಲುಗಳ ಹೊಳಪು ಮಾಸುವಷ್ಟು ಮಾತ್ರ ನಯವಾದ ಸ್ಯಾಂಡ್‌ಪೇಪರಿನಿಂದ ನೀರು ಹಾಕಿ ಉಜ್ಜುತ್ತಾರೆ. ನಾರು ಕಾಣಿಸಿಕೊಳ್ಳುವವರೆಗೆ ಉಜ್ಜುವುದು ಅಪಾಯ. ಹಳೆಯ ಬಣ್ಣವನ್ನು ಕರಗಿಸುವ ರಾಸಾಯನಿಕಗಳನ್ನೂ ಬಿಸಿಗಾಳಿಯ ಉಪಕರಣವನ್ನೂ ಬಳಸಬಾರದು. ಅವು ನಾರುಗಳನ್ನು ಹಿಡಿದಿಟ್ಟಿರುವ ರಾಳವನ್ನೇ ಕೆಡಿಸಬಲ್ಲವು. ಕೊನೆಯಲ್ಲಿ ಕೋಲನ್ನು ಸ್ಪಿರಿಟ್ಟಿನಿಂದ ಒರೆಸಿ, ಅನಂತರ ಬರಿಗೈಯಿಂದ ಮುಟ್ಟದಿರುವುದು ಒಳ್ಳೆಯದು. ಬೆರಳಿನ ಜಿಡ್ಡು ಅಥವಾ ಸಿಲಿಕೋನ್ ಅಂಶ ಉಳಿದರೆ ಬಣ್ಣವು ಆ ಜಾಗದಿಂದ ಸರಿದು ಚಿಕ್ಕ ಚಿಕ್ಕ ಕುಳಿಗಳಾಗುತ್ತವೆ. ಕೋಲಿನ ಎರಡು ತುಂಡುಗಳು ಸೇರುವ ಕೀಲಿನ ಭಾಗಕ್ಕೂ, ಬೆಂಡಿನ ಹಿಡಿಗೂ ಮಾಸ್ಕಿಂಗ್ ಟೇಪ್ ಸುತ್ತಬೇಕು. ಕೀಲಿನ ಮೇಲೆ ಲೇಪನ ಬಿದ್ದರೆ ತುಂಡುಗಳು ಸರಿಯಾಗಿ ಕೂಡುವುದಿಲ್ಲ; ಹಿಡಿಯ ಮೇಲೆ ಬಿದ್ದರೆ ಒದ್ದೆ ಕೈ ಜಾರುತ್ತದೆ.

ಬಣ್ಣ ಹಚ್ಚುವುದು

ಬಣ್ಣವನ್ನು ಒಂದೇ ಸಲ ದಪ್ಪವಾಗಿ ಬಳಿಯದೆ, ಹಲವು ತೆಳು ಪದರಗಳಾಗಿ ಹಚ್ಚಲಾಗುತ್ತದೆ. ಸ್ಪ್ರೇ ಡಬ್ಬಿಯನ್ನು ಬಳಸುವಾಗ ಕೋಲನ್ನು ತಿರುಗಿಸುತ್ತ, ಸಿಂಪಡಣೆಯನ್ನು ಕೋಲಿನ ಉದ್ದಕ್ಕೂ ನಿಲ್ಲಿಸದೆ ಸಾಗಿಸಬೇಕು. ಒಂದೇ ಕಡೆ ನಿಂತರೆ ಬಣ್ಣ ಇಳಿದು ಗೆರೆಗಟ್ಟುತ್ತದೆ. ಬಣ್ಣ ಮತ್ತು ಮೇಲಿನ ಲೇಪನ ಒಂದಕ್ಕೊಂದು ಹೊಂದುವಂತಿರಬೇಕು. ಪೂರ್ತಿ ಗಟ್ಟಿಯಾಗದ ಎನಾಮೆಲ್ ಬಣ್ಣದ ಮೇಲೆ ತೀಕ್ಷ್ಣ ದ್ರಾವಕವಿರುವ ಲ್ಯಾಕರ್ ಬಿದ್ದರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಮೊದಲು ಬೇರೊಂದು ಬಿದಿರಿನ ತುಂಡಿನ ಮೇಲೆ ಎರಡನ್ನೂ ಹಚ್ಚಿ ನೋಡುವುದು ಸುರಕ್ಷಿತ.

ಉಂಗುರಗಳು ಮತ್ತು ದಾರದ ಸುತ್ತು

ಗಾಳದ ದಾರ ಹಾಯುವ ಉಂಗುರಗಳ ಪಾದಗಳನ್ನು ರೇಷ್ಮೆ ಅಥವಾ ನೈಲಾನ್ ಎಳೆಯಿಂದ ಒತ್ತಾಗಿ ಸುತ್ತಿ ಕೋಲಿಗೆ ಬಿಗಿಯಲಾಗುತ್ತದೆ. ರೇಷ್ಮೆಯ ಎಳೆಯು ವಾರ್ನಿಷನ್ನು ಹೀರಿ ಪಾರದರ್ಶಕವಾಗಿ, ಅಡಿಯ ಬಿದಿರು ಕಾಣುವಂತಾಗುತ್ತದೆ. ಎಳೆಯ ಬಣ್ಣವೇ ಉಳಿಯಬೇಕೆನ್ನುವವರು ಮೊದಲು ಬಣ್ಣ ಕಾಯುವ ದ್ರವವನ್ನು ಹಚ್ಚುತ್ತಾರೆ. ಈ ಸುತ್ತುಗಳ ಮೇಲೆ ಈಗ ಸಾಮಾನ್ಯವಾಗಿ ಬಳಕೆಯಾಗುವುದು ಎರಡು ದ್ರವಗಳನ್ನು ಬೆರೆಸಿ ಸಿದ್ಧಪಡಿಸುವ ಎಪಾಕ್ಸಿ. ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಅವುಗಳನ್ನು ಬೆರೆಸಬೇಕು. ಗಟ್ಟಿಗೊಳಿಸುವ ದ್ರವವನ್ನು ಹೆಚ್ಚು ಹಾಕಿದರೆ ಬೇಗ ಒಣಗುತ್ತದೆಂಬುದು ತಪ್ಪು ಕಲ್ಪನೆ. ಹಾಗೆ ಮಾಡಿದ ಲೇಪನ ಅಂಟಂಟಾಗಿಯೇ ಉಳಿಯುತ್ತದೆ. ರಭಸದಿಂದ ಕಲಕಿದರೆ ಗುಳ್ಳೆಗಳು ಸೇರುತ್ತವೆ. ಹಚ್ಚಿದ ಬಳಿಕ ಎಪಾಕ್ಸಿ ಒಂದು ಬದಿಗೆ ಜೋತುಬೀಳದಂತೆ, ಅದು ಗಟ್ಟಿಯಾಗುವ ತನಕ ಸಣ್ಣ ಮೋಟಾರಿನಿಂದ ಅಥವಾ ಕೈಯಿಂದ ಕೋಲನ್ನು ನಿಧಾನವಾಗಿ ತಿರುಗಿಸುತ್ತಿರಬೇಕು.

ಪಾರದರ್ಶಕ ಲೇಪನ

ಬಿದಿರಿನ ಕೋಲಿಗೆ ಟಂಗ್ ಎಣ್ಣೆ ಮತ್ತು ರಾಳಗಳಿಂದಾದ, ದೋಣಿಗಳಿಗೆ ಬಳಸುವ ಬಗೆಯ ವಾರ್ನಿಷ್ ಹೊಂದುತ್ತದೆ. ಅದು ಒಣಗಿದ ಮೇಲೂ ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಗಡಸಾದ ವಾರ್ನಿಷ್ ಕೋಲು ಬಾಗಿದಾಗ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ನೀರು ಒಳಸೇರುತ್ತದೆ. ಕುಂಚದಿಂದ ಹಚ್ಚುವುದು ಸುಲಭವಾದರೂ, ನುರಿತವರು ವಾರ್ನಿಷ್ ತುಂಬಿದ ಉದ್ದನೆಯ ಕೊಳವೆಯಲ್ಲಿ ಕೋಲನ್ನು ಅದ್ದಿ, ನಿಮಿಷಕ್ಕೆ ಸುಮಾರು 5ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೇಲೆತ್ತುತ್ತಾರೆ. ನಿಧಾನವಾಗಿ ಎತ್ತಿದಷ್ಟೂ ಪದರ ತೆಳುವಾಗುತ್ತದೆ. ಉಂಗುರ ಹೊರಬಂದಾಗ ತುಸು ನಿಲ್ಲಿಸಿ, ಅಲ್ಲಿ ನಿಂತ ವಾರ್ನಿಷ್ ಇಳಿದುಹೋಗಲು ಬಿಡಬೇಕು. ಪ್ರತಿ ಪದರವೂ ಪೂರ್ತಿ ಒಣಗಿದ ಮೇಲೆ ಲಘುವಾಗಿ ಉಜ್ಜಿ, ಧೂಳು ಒರೆಸಿ, ಮುಂದಿನ ಪದರವನ್ನು ಕೊಡಲಾಗುತ್ತದೆ. ಎರಡು ಅಥವಾ ಮೂರು ಪದರಗಳು ಸಾಕು. ಹೊಳಪು ಮೀನನ್ನು ಬೆದರಿಸುತ್ತದೆಂದು ಕೆಲವು ಗಾಳಗಾರರು ಕೊನೆಯ ಪದರವನ್ನು ಉಜ್ಜಿ ಮಂಕಾಗಿಸುತ್ತಾರೆ.

ಹವೆಯ ಪರಿಣಾಮ

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಂತಹ ತೇವದ ಹವೆಯಲ್ಲಿ ಎಣ್ಣೆಯ ವಾರ್ನಿಷ್ ಒಣಗಲು ಹೆಚ್ಚು ಕಾಲ ಬೇಕು. ಎಪಾಕ್ಸಿಯ ಮೇಲೆ ಜಿಡ್ಡಿನಂತಹ ಅಥವಾ ಹಾಲಿನಂತಹ ಮಸುಕು ಕಟ್ಟಬಹುದು. ಉರುಶಿಯ ಸ್ವಭಾವ ಇದಕ್ಕೆ ವಿರುದ್ಧ. ಅದು ಗಟ್ಟಿಯಾಗಲು ಬೆಚ್ಚನೆಯ, ತೇವಭರಿತ ಗಾಳಿಯೇ ಬೇಕು. ಉರುಶಿ ಮರವು ಗೇರು, ಮಾವು ಮತ್ತು ಪಶ್ಚಿಮ ಘಟ್ಟದ ಹೊಳಗೇರುಗಳ ಕುಟುಂಬಕ್ಕೆ ಸೇರಿದೆ. ಹೊಳಗೇರಿನ ಸೊನೆಯಂತೆ ಹಸಿ ಉರುಶಿಯೂ ಚರ್ಮವನ್ನು ಬೊಕ್ಕೆ ಏಳಿಸುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತಯಾರಾದ ಬಣ್ಣವನ್ನು ಜಪಾನಿನಲ್ಲಿ ಉರುಶಿಗೆ ಬದಲಾಗಿ ಬಳಸುವುದುಂಟು.

ಸುರಕ್ಷತೆ

* ಎಪಾಕ್ಸಿ ಮೈಗೆ ಪದೇಪದೇ ತಗುಲಿದರೆ ಚರ್ಮದ ಅಲರ್ಜಿ ಉಂಟಾಗಿ ಶಾಶ್ವತವಾಗಿ ಉಳಿಯಬಹುದು. ಕೈಗವಸು ಧರಿಸಬೇಕು.
* ವಾಹನಗಳಿಗೆ ಹೊಡೆಯುವ ಎರಡು ದ್ರವಗಳ ಪಾಲಿಯುರಿಥೇನ್ ಲೇಪನದಲ್ಲಿ ಐಸೊಸೈನೇಟ್ ಇರುತ್ತದೆ. ಅದನ್ನು ಉಸಿರಾಡಿದರೆ ಅಸ್ತಮಾ ಬರಬಹುದು. ಸಾಮಾನ್ಯ ಬಟ್ಟೆಯ ಮುಖಗವಸು ಇದನ್ನು ತಡೆಯುವುದಿಲ್ಲ. ಮನೆಯಲ್ಲಿ ಇದನ್ನು ಸಿಂಪಡಿಸಬಾರದು.
* ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಬೇಕು ಅಥವಾ ಬಯಲಿನಲ್ಲಿ ಹರಡಿ ಒಣಗಿಸಬೇಕು.
* ಇಂಗಾಲದ ನಾರು ವಿದ್ಯುದ್ವಾಹಕ. ಬಣ್ಣ ಮತ್ತು ವಾರ್ನಿಷ್ ವಿದ್ಯುತ್ತಿನಿಂದ ರಕ್ಷಣೆ ಕೊಡುವುದಿಲ್ಲ. ವಿದ್ಯುತ್ ತಂತಿಗಳ ಕೆಳಗೆ ಮತ್ತು ಗುಡುಗು ಮಿಂಚಿನ ಹೊತ್ತಿನಲ್ಲಿ ಯಾವ ಕೋಲನ್ನೂ ಎತ್ತಿ ಹಿಡಿಯಬಾರದು.

ನಿರ್ವಹಣೆ

ಬಳಸಿದ ಕೋಲನ್ನು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚೀಲಕ್ಕೆ ಸೇರಿಸಬೇಕು. ಉಪ್ಪುನೀರಿನಲ್ಲಿ ಬಳಸಿದ್ದರೆ ಮೊದಲು ಸಿಹಿನೀರಿನಿಂದ ತೊಳೆಯಬೇಕು. ಲೇಪನದಲ್ಲಿ ಬಿರುಕು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಉಂಗುರಗಳ ಪಾದದ ಬಳಿ. ಆ ಜಾಗವನ್ನು ಲಘುವಾಗಿ ಉಜ್ಜಿ, ಒಣಗಿಸಿ, ಸಣ್ಣ ಕುಂಚದಿಂದ ಮತ್ತೆ ವಾರ್ನಿಷ್ ತುಂಬಿದರೆ ನೀರು ಒಳಗೆ ಇಳಿಯುವುದಿಲ್ಲ.