ಆಟೋಮ್ಯಾಟಿಕ್ ಕಾರಿನ ಗೇರ್ ಪೊಸಿಷನ್ ಸ್ವಿಚ್: ಪರೀಕ್ಷೆ ಮತ್ತು ಹೊಂದಾಣಿಕೆ

ನಂಜನಗೂಡಿನ ಉದ್ಯಮಿಗಳಿಗೂ ತಿ. ನರಸೀಪುರದ ವರ್ತಕರಿಗೂ ವ್ಯವಹಾರ ನಿಮಿತ್ತ ಮೈಸೂರಿನ ಓಡಾಟ ಅನಿವಾರ್ಯ. ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರು ಈ ಪ್ರಯಾಣವನ್ನು ಸುಗಮಗೊಳಿಸಿದೆ. ಆದರೆ ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಪರೀಕ್ಷಿಸದೆಯೇ ಸ್ಟಾರ್ಟರ್ ಮೋಟಾರ್ ಬದಲಿಸುವುದು ವ್ಯರ್ಥ ವೆಚ್ಚವಾಗಬಹುದು. ದೋಷವು ಗೇರ್ ಬಾಕ್ಸ್‌ಗೆ ಜೋಡಿಸಿರುವ ಸಣ್ಣ ಸ್ವಿಚ್ಚೊಂದರಲ್ಲಿ ಇರುವ ಸಂಭವವುಂಟು.

ಕಾರ್ಯವೇನು?

ಗೇರ್ ಲಿವರ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಈ ಸ್ವಿಚ್ ಕಾರಿನ ವಿದ್ಯುತ್ ವ್ಯವಸ್ಥೆಗೆ ತಿಳಿಸುತ್ತದೆ. ನಿಲುಗಡೆಯ ‘ಪಿ’ ಹಾಗೂ ತಟಸ್ಥ ಸ್ಥಿತಿಯ ‘ಎನ್’ ಸ್ಥಾನಗಳಲ್ಲಿ ಮಾತ್ರ ಎಂಜಿನ್ ಸ್ಟಾರ್ಟ್ ಆಗಲು ಅವಕಾಶ ನೀಡುತ್ತದೆ. ‘ಆರ್’ ಸ್ಥಾನದಲ್ಲಿ ರಿವರ್ಸ್ ದೀಪ ಬೆಳಗುವುದೂ ಸಾಮಾನ್ಯವಾಗಿ ಇದರಿಂದಲೇ.

ಸ್ವಿಚ್ ಸ್ಥಾನಪಲ್ಲಟಗೊಂಡರೆ ‘ಪಿ’ಯಲ್ಲಿ ಸ್ಟಾರ್ಟ್ ಆಗದ ಎಂಜಿನ್ ‘ಎನ್’ನಲ್ಲಿ ಸ್ಟಾರ್ಟ್ ಆಗಬಹುದು. ನೀರು ಸೇರಿದರೂ ಸಂಪರ್ಕ ಕೆಡುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲಾ ಪ್ರವಾಹವು ಮೈಸೂರು–ನಂಜನಗೂಡು ರಸ್ತೆಯನ್ನೇ ಆವರಿಸಿತ್ತು. ನೆರೆನೀರಿನಲ್ಲಿ ನಿಂತ ಕಾರುಗಳಲ್ಲಿ ಈ ಸ್ವಿಚ್ಚಿನ ಕನೆಕ್ಟರನ್ನು ತಪ್ಪದೆ ಪರಿಶೀಲಿಸಬೇಕು.

ಪರೀಕ್ಷೆ

ಮೊದಲು ಬ್ಯಾಟರಿಯ ಟರ್ಮಿನಲ್‌ಗಳನ್ನೂ ಗೇರ್ ಲಿವರಿನ ಕೇಬಲ್ಲನ್ನೂ ನೋಡಬೇಕು. ಬಳಿಕ ಸಮತಟ್ಟಾದ ಸ್ಥಳದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನು ಬಲವಾಗಿ ಒತ್ತಿಕೊಂಡು ಪ್ರತಿಯೊಂದು ಸ್ಥಾನದಲ್ಲೂ ಸ್ಟಾರ್ಟ್ ಮಾಡಿ ನೋಡಬೇಕು. ಕಾರಿನ ಮುಂದೆಯೂ ಹಿಂದೆಯೂ ಯಾರೂ ನಿಂತಿರಬಾರದು. ಅನಂತರ ಕೀಲಿ ತೆಗೆದು, ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಿಂದ ಅಳೆಯಬೇಕು. ಸ್ಟಾರ್ಟರ್ ಮಾರ್ಗದ ಟರ್ಮಿನಲ್‌ಗಳ ನಡುವೆ ‘ಪಿ’ ಮತ್ತು ‘ಎನ್’ಗಳಲ್ಲಿ ಮಾತ್ರ ಸಂಪರ್ಕ ದೊರೆಯಬೇಕು. ಟರ್ಮಿನಲ್‌ಗಳ ವಿವರ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ.

ಹೊಂದಾಣಿಕೆ

ಲಿವರನ್ನು ‘ಎನ್’ನಲ್ಲಿರಿಸಿ ಸ್ವಿಚ್ಚಿನ ಬೋಲ್ಟ್‌ಗಳನ್ನು ಸಡಿಲಿಸಬೇಕು. ಹಲವು ಮಾದರಿಗಳಲ್ಲಿ ಸ್ವಿಚ್ಚಿನ ಮೇಲಿನ ಗೆರೆ ಶಾಫ್ಟಿನ ಗುರುತಿಗೆ ನೇರವಾಗಬೇಕು. ಕೆಲವು ಮಾದರಿಗಳಲ್ಲಿ ರಂಧ್ರಗಳನ್ನು ಸರಿಹೊಂದಿಸಿ ಪಿನ್ ತೂರಿಸಬೇಕು. ಬೋಲ್ಟ್‌ಗಳನ್ನು ನಿಗದಿತ ಬಿಗಿತಕ್ಕೆ ಬಿಗಿಗೊಳಿಸಿ ಪುನಃ ಪರೀಕ್ಷಿಸಬೇಕು. ಸಂಪರ್ಕ ದೊರೆಯದಿದ್ದರೆ ಸ್ವಿಚ್ ಬದಲಿಸುವುದೇ ಮಾರ್ಗ. ಗೇರ್ ಬಾಕ್ಸ್‌ನ ಒಳಗೇ ಸ್ವಿಚ್ ಇರುವ ಮಾದರಿಗಳಿಗೂ ಎಎಂಟಿ ಕಾರುಗಳಿಗೂ ಈ ವಿಧಾನ ಅನ್ವಯಿಸದು.

ತುರ್ತಿಗೆಂದು ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದು ಅತ್ಯಂತ ಅಪಾಯಕರ. ಅಂತಹ ಕಾರು ‘ಡಿ’ಯಲ್ಲಿಯೂ ಸ್ಟಾರ್ಟ್ ಆಗಿ ತಕ್ಷಣವೇ ಮುನ್ನುಗ್ಗಬಹುದು. ಹಳೆಯ ಕಾರು ಕೊಳ್ಳುವವರೂ ಈ ಪರೀಕ್ಷೆ ಮಾಡಿಸಿಯೇ ಬೆಲೆ ನಿಗದಿಪಡಿಸುವುದು ಲೇಸು.