ಗ್ಯಾಲರಿಗೊಂದು ಪಂಖಾ: ಕೊಳ್ಳುವ ಮುನ್ನ, ತೂಗುಹಾಕುವ ಮುನ್ನ

ಊರಿನ ಜಗಲಿ, ಪಡಸಾಲೆ, ಕಟ್ಟೆಗಳ ಮೇಲೆ ಸಂಜೆಗಳನ್ನು ಕಳೆದು ಬಂದ ನಮ್ಮ ಹಿರಿಯರಿಗೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕಟ್ಟಡಗಳಲ್ಲಿ ದೊರೆತ ಜಗಲಿಯೆಂದರೆ ಗ್ಯಾಲರಿಯೊಂದೇ. ಸಿಡ್ಕೊ ರೋಹೌಸುಗಳಲ್ಲಿ ನೆಲೆಸಿದವರಿಗೆ ತುಸು ಅಂಗಳವೋ ಟೆರೇಸೋ ಇರಬಹುದು. ಉಳಿದವರ ಪಾಲಿಗೆ ನಾಲ್ಕೈದು ಅಡಿ ಅಗಲದ ಆ ಜಾಗದಲ್ಲಿಯೇ ತುಳಸಿ ಕುಂಡ, ಒಣಗುವ ಬಟ್ಟೆ, ತಂದೆಯವರ ಕುರ್ಚಿ ಎಲ್ಲವೂ. ಏಪ್ರಿಲ್-ಮೇ ತಿಂಗಳುಗಳಲ್ಲಿ ಅಲ್ಲಿ ಕುಳಿತವರಿಗೆ ಒಂದು ಪಂಖಾ ಬೇಕೆನಿಸುವುದು ಸಹಜ. ಆದರೆ ಕೋಣೆಯೊಳಗಿನ ಪಂಖವನ್ನೇ ತಂದು ಹೊರಗೆ ತೂಗುಹಾಕಿದರೆ ಸಾಲದು ಎಂಬುದನ್ನು ಇಲ್ಲಿ ತುಸು ವಿವರವಾಗಿ ನೋಡೋಣ.

ಪಂಖಾ ಗಾಳಿಯನ್ನು ತಂಪುಗೊಳಿಸುವುದಿಲ್ಲ. ಮೈಮೇಲಿನ ಬೆವರನ್ನು ಬೇಗ ಆರಿಸುತ್ತದೆ, ಅದರಿಂದ ದೇಹಕ್ಕೆ ತಂಪೆನಿಸುತ್ತದೆ. ನಮ್ಮ ಕೊಂಕಣ ಪಟ್ಟಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ತಾನಾಗಿ ಆರದು, ಆದ್ದರಿಂದಲೇ ಇಲ್ಲಿ ಪಂಖದ ಅಗತ್ಯ ಹೆಚ್ಚು. ಸಂಜೆಯ ಸೊಳ್ಳೆಗಳೂ ಬೀಸುಗಾಳಿಯಲ್ಲಿ ಹಾರಲಾರದೆ ದೂರ ಸರಿಯುತ್ತವೆ. ಆದರೆ ಉಷ್ಣತೆ 40 ಡಿಗ್ರಿ ಮೀರಿದಾಗ ಪಂಖದ ಬಿಸಿಗಾಳಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಕಲ್ಯಾಣದಿಂದ ಆಚೆಗೆ ಅಂಥ ಮಧ್ಯಾಹ್ನಗಳು ಅಪರೂಪವಲ್ಲ. ಆ ಹೊತ್ತಿನಲ್ಲಿ ವೃದ್ಧರನ್ನು ಒಳಗೆ ಕೂರಿಸುವುದೇ ಲೇಸು.

ಹೊರಗಿನ ಪಂಖಕ್ಕೆ ಮೊದಲ ಶತ್ರು ನೀರು. ಅಂಗಡಿಯಲ್ಲಿ ಬಣ್ಣ, ಅಲಂಕಾರಗಳನ್ನು ನೋಡುವ ಮೊದಲು ಪೆಟ್ಟಿಗೆಯ ಮೇಲೆ 'ಐಪಿ' ಎಂಬ ಅಕ್ಷರಗಳೂ ಅದರ ಮುಂದೆ ಎರಡು ಅಂಕಿಗಳೂ ಇವೆಯೇ ಎಂದು ನೋಡಬೇಕು. ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ 44 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಗಳನ್ನು ತಾಳಬಲ್ಲದು. ಐಪಿ 55 ಎಂದರೆ ಕೊಳವೆಯಿಂದ ಚಿಮ್ಮಿದ ನೀರನ್ನೂ ತಡೆಯಬಲ್ಲದು. ಮೇಲೆ ಸ್ಲ್ಯಾಬ್ ಇದ್ದು ಮೂರು ಬದಿ ಗೋಡೆಯಿರುವ ಗ್ಯಾಲರಿಗೆ ಮೊದಲನೆಯದು ಸಾಕು. ಬದಿಗಳು ತೆರೆದಿರುವ ಟೆರೇಸಿನ ತಗಡಿನ ಮಾಡಿನ ಕೆಳಗಾದರೆ ಎರಡನೆಯದೇ ಬೇಕು. ಅಂಕಿಗಳೇ ಇಲ್ಲದ ಪಂಖವನ್ನು ಅಂಗಡಿಯವರು 'ಹೊರಗೂ ನಡೆಯುತ್ತದೆ' ಎಂದು ಕೊಟ್ಟರೆ, ವಾರಂಟಿ ಪತ್ರದಲ್ಲಿ ಹೊರಾಂಗಣ ಬಳಕೆಯ ಬಗ್ಗೆ ಏನು ಬರೆದಿದೆ ಎಂದು ಅಲ್ಲಿಯೇ ಓದಿಕೊಳ್ಳುವುದು ಒಳ್ಳೆಯದು.

ಎರಡನೆಯ ಶತ್ರು ತುಕ್ಕು. ವಾಶಿ, ಐರೋಲಿ, ಥಾಣೆಗಳಲ್ಲಿ ಖಾಡಿಯ ಉಪ್ಪುಗಾಳಿ. ಡೊಂಬಿವಲಿ ಎಂಐಡಿಸಿಯ ಸುತ್ತಮುತ್ತ ರಾಸಾಯನಿಕಗಳ ಅಂಶ. 2020ರ ಫೆಬ್ರವರಿಯಲ್ಲಿ ಅಲ್ಲಿಯ ರಸ್ತೆಯೊಂದು ಗುಲಾಬಿ ಬಣ್ಣ ತಳೆದುದು ಓದುಗರಿಗೆ ನೆನಪಿರಬಹುದು. ರಸ್ತೆಯ ಮೇಲೆ ಕೂರುವ ವಸ್ತು ಪಂಖದ ರೆಕ್ಕೆಯ ಮೇಲೆ ಕೂರದೆ ಇದ್ದೀತೇ? ಹೀಗಾಗಿ ಅಲ್ಯೂಮಿನಿಯಂ ಅಥವಾ ಗಟ್ಟಿ ಎಬಿಎಸ್ ಪ್ಲಾಸ್ಟಿಕ್ಕಿನ ರೆಕ್ಕೆ, ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಇವು ಸೂಕ್ತ. ಪ್ಲೈವುಡ್ಡಿನ ಚೆಂದದ ರೆಕ್ಕೆಗಳು ಎರಡು ಮಳೆಗಾಲ ಕಾಣುವಷ್ಟರಲ್ಲಿ ತೇವ ಕುಡಿದು ಬಾಗುತ್ತವೆ. ಬಾಗಿದ ರೆಕ್ಕೆ ಸಮತೋಲ ತಪ್ಪಿಸುತ್ತದೆ, ಪಂಖಾ ಅಲುಗಾಡತೊಡಗುತ್ತದೆ.

ಅಳತೆಯ ಲೆಕ್ಕ ಸರಳ. ನಾಲ್ಕು ಅಡಿಯ ಗ್ಯಾಲರಿ ಎಂದರೆ 1219 ಮಿ.ಮೀ.; ಸಾಮಾನ್ಯ ಪಂಖದ ಹರವು 1200 ಮಿ.ಮೀ. ಅಂದರೆ ರೆಕ್ಕೆಗೂ ಗೋಡೆಗೂ ನಡುವೆ ಬೆರಳೂ ಹೋಗದು! ಅಲ್ಲಿ 600 ಮಿ.ಮೀ.ನ ಚಿಕ್ಕ ಪಂಖಾ ಹಾಕಿದರೆ ಪ್ರತಿ ಬದಿ ಒಂದಡಿ ಉಳಿಯುತ್ತದೆ. ನೆಲದಿಂದ ರೆಕ್ಕೆಗೆ ಕನಿಷ್ಠ 2.4 ಮೀಟರ್, ರೆಕ್ಕೆಯಿಂದ ಮೇಲಿನ ಸ್ಲ್ಯಾಬಿಗೆ 30 ಸೆಂ.ಮೀ. ಇರಲೇಬೇಕು. ತೀರಾ ಇಕ್ಕಟ್ಟಾದರೆ ಗೋಡೆಗೆ ಹಾಕುವ ಪಂಖವೇ ಜಾಣತನ. ನಮ್ಮ ಅಭಿಪ್ರಾಯದಲ್ಲಿ ಡೊಂಬಿವಲಿಯ ಹಳೆಯ ಕಟ್ಟಡಗಳ ಮುಕ್ಕಾಲು ಪಾಲು ಗ್ಯಾಲರಿಗಳಿಗೆ ಅದೇ ಸರಿ.

ಎಲ್ಲಕ್ಕಿಂತ ಮುಖ್ಯವಾದುದು ತೂಗುಹಾಕುವ ಕೊಂಡಿ. ನಮ್ಮ ಗ್ಯಾಲರಿಯ ಮೇಲ್ಛಾವಣಿ ಎಂದರೆ ಮೇಲಿನ ಮನೆಯವರ ಗ್ಯಾಲರಿಯ ನೆಲ. ಅವರು ಗಿಡಕ್ಕೆ ಹಾಕಿದ ನೀರು, ನೆಲ ತೊಳೆದ ನೀರು ಸೀಳುಗಳಲ್ಲಿ ಇಳಿದು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕೆಳಗಿನ ಪದರವನ್ನು ಒಡೆಯುತ್ತದೆ. ಕಂದು ಕಲೆ, ಉಬ್ಬಿದ ಗಾರೆ, ತಟ್ಟಿದರೆ ಟೊಳ್ಳು ಸದ್ದು ಇವು ಕಂಡಲ್ಲಿ ಪಂಖಾ ಬೇಡ, ಮೊದಲು ದುರಸ್ತಿಯಾಗಲಿ. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ರಚನಾ ತಪಾಸಣೆ ಕಡ್ಡಾಯವಾಗಿದೆ. ಆ ವರದಿ ಸೊಸೈಟಿಯ ಕಚೇರಿಯಲ್ಲಿದ್ದರೆ ಗ್ಯಾಲರಿಗಳ ಬಗ್ಗೆ ಅದರಲ್ಲಿ ಏನಿದೆ ಎಂದು ಒಮ್ಮೆ ನೋಡಬಹುದು. ಸ್ಲ್ಯಾಬ್ ಗಟ್ಟಿಯಿದ್ದು ಹುಕ್ ಇಲ್ಲವಾದರೆ ಕೊರೆದು ಲೋಹದ ಆ್ಯಂಕರ್ ಫಾಸ್ಟನರ್ ಕೂರಿಸಬೇಕು. ಮರದ ಬೂಚು ಹೊಡೆದು ತಿರುಪು ಹಾಕುವ ವಾಯರ್‌ಮನ್‌ಗಳು ಇಂದಿಗೂ ಇದ್ದಾರೆ. ಅಂಥವರನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕು. ರಬ್ಬರ್ ಬುಷ್, ಬೋಲ್ಟು, ಅದರ ತುದಿಯ ಸ್ಪ್ಲಿಟ್ ಪಿನ್ ಇವೆಲ್ಲ ಹೊಸದಿರಲಿ. ಇವುಗಳ ಜೊತೆಗೆ ಪ್ರತ್ಯೇಕ ಉಕ್ಕಿನ ಹಗ್ಗವೊಂದನ್ನು ಕಟ್ಟಿದರೆ, ಕೊಂಡಿ ಬಿಟ್ಟರೂ ಪಂಖಾ ತಲೆಯ ಮೇಲೆ ಬೀಳದು.

ವಿದ್ಯುತ್ತಿನ ವಿಷಯದಲ್ಲಿ ಎರಡು ಮಾತು. ತಂತಿ ಪೈಪಿನೊಳಗಿಂದಲೇ ಬರಬೇಕು, ಸ್ವಿಚ್ಚು ಕೋಣೆಯ ಒಳಗಿರಬೇಕು, ಹಸಿರು ಅರ್ಥಿಂಗ್ ತಂತಿಯನ್ನು ತಪ್ಪದೆ ಜೋಡಿಸಬೇಕು. ಮನೆಯ ಮುಖ್ಯ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಒದ್ದೆ ಪಂಖದಲ್ಲಿ ವಿದ್ಯುತ್ ಸೋರಿದ ಕ್ಷಣವೇ ಅದು ಪ್ರವಾಹವನ್ನು ಕಡಿದುಹಾಕುತ್ತದೆ. ಸಾಮಾನ್ಯ ಎಂಸಿಬಿ ಈ ಕೆಲಸ ಮಾಡದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಖರ್ಚಿನ ಮಾತಿಗೆ ಬಂದರೆ, ಬ್ಯಾಂಕಿನವರ ರೂಢಿಯಂತೆ ಲೆಕ್ಕ ಹಾಕೋಣ. ಹಳೆಯ ಮಾದರಿಯ 1200 ಮಿ.ಮೀ. ಪಂಖಾ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಮೋಟಾರಿನದು ಸುಮಾರು 30 ವ್ಯಾಟ್ ಬೇಡುತ್ತದೆ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ಎಂಟು ಯೂನಿಟ್ ಉಳಿತಾಯ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಓಡುವ ಗ್ಯಾಲರಿಯ ಪಂಖದಲ್ಲಿ ಇದು ದೊಡ್ಡ ಮೊತ್ತವಲ್ಲ. ಹೆಚ್ಚಿನ ಹಣವಿದ್ದರೆ ಅದನ್ನು ಐಪಿ ಅಂಕಿಗಾಗಿ ವ್ಯಯಿಸುವುದು ಮೇಲು. ಬಿಎಲ್‌ಡಿಸಿ ಪಂಖವನ್ನು ಹಳೆಯ ರೆಗ್ಯುಲೇಟರಿಗೆ ಜೋಡಿಸಬಾರದು. 2023ರ ಜನವರಿಯಿಂದ ಪಂಖಗಳಿಗೆ ನಕ್ಷತ್ರ ಚೀಟಿ ಕಡ್ಡಾಯವಾಗಿರುವುದರಿಂದ ಹೋಲಿಸಿ ಕೊಳ್ಳುವುದು ಸುಲಭವಾಗಿದೆ.

2020ರ ಜೂನ್ 3ರ 'ನಿಸರ್ಗ', 2021ರ ಮೇ 17ರ 'ತೌಕ್ತೆ' ಚಂಡಮಾರುತಗಳ ಬಳಿಕ ಗಾಳಿಯ ರಭಸವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮುನ್ಸೂಚನೆ ಬಂದ ದಿನ ರೆಕ್ಕೆಗಳನ್ನು ಕಳಚಿಡುವುದು ಅರ್ಧ ಗಂಟೆಯ ಕೆಲಸ. ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿದರೆ ಹೇಗೂ ಪಂಖದ ಅವಶ್ಯಕತೆ ಕಡಿಮೆ. ಮೋಟಾರಿಗೆ ಹೊದಿಕೆ ಕಟ್ಟಿಬಿಡಬಹುದು, ಕಟ್ಟುವ ಮೊದಲು ಸ್ವಿಚ್ಚನ್ನು ಮುಖ್ಯ ಪೆಟ್ಟಿಗೆಯಲ್ಲಿಯೇ ಆರಿಸಬೇಕು. ದಸರೆಯ ವೇಳೆಗೆ ಹೊದಿಕೆ ತೆಗೆದು, ರೆಕ್ಕೆಗಳನ್ನು ಒರೆಸಿ, ಬೋಲ್ಟು-ಪಿನ್ನುಗಳನ್ನು ಬಿಗಿ ನೋಡಿದ ಮೇಲೆಯೇ ಮತ್ತೆ ಓಡಿಸತಕ್ಕದ್ದು.

ಕಟ್ಟಡದ ಸಾಮೂಹಿಕ ಟೆರೇಸಿನಲ್ಲಿ ಅಥವಾ ಕೆಳಗಿನ ಸ್ಟಿಲ್ಟ್ ಜಾಗದಲ್ಲಿ ಪಂಖಾ ಹಾಕುವುದಾದರೆ ಸೊಸೈಟಿಯ ಲಿಖಿತ ಒಪ್ಪಿಗೆ ಪಡೆಯಬೇಕು. ವಿದ್ಯುತ್ತು ಯಾರ ಮೀಟರಿನದು, ದುರಸ್ತಿ ಯಾರದು ಎಂಬುದನ್ನೂ ಆ ಪತ್ರದಲ್ಲಿಯೇ ಬರೆಯಿಸಿಕೊಂಡರೆ ಮುಂದಿನ ವಾರ್ಷಿಕ ಸಭೆಯಲ್ಲಿ ಮಾತು ಬೆಳೆಯದು.